ಕಡಲ ದಂಡೆಯಲ್ಲಿ ಆರು ಮಂದಿಯ ವೇಳಾಪಟ್ಟಿ

ಹುಕ್ಕೇರಿಯಿಂದ ಹೊರಡುವ ಮೊದಲೇ ನಾನು ವೇಳಾಪಟ್ಟಿ ಮಾಡಿದ್ದೆ. ಶುಕ್ರವಾರದಿಂದ ಭಾನುವಾರದವರೆಗೆ ಕಡಲ ದಂಡೆಯ ರೆಸಾರ್ಟಿನಲ್ಲಿ ನಾವು ಆರು ಮಂದಿ: ಅಪ್ಪ, ಅವ್ವ, ಕಾಕಾ, ಕಾಕಾನ ಆರು ವರ್ಷದ ಮಗಳು, ಅಪ್ಪನ ತಾಯಿಯಾದ ನಮ್ಮ ಆಯಿ ಮತ್ತು ನಾನು. ಯಾರ ವಯಸ್ಸಿಗೆ ಏನು ಹೊಂದುತ್ತದೆಂದು ನೋಡಿ ಗಂಟೆಗೊಂದು ಆಟ ಹೊಂದಿಸಿದ್ದೆ. ಆದರೆ ಪ್ರವಾಸ ಹೊರಟಿದ್ದೇ ಆಯಿಗಾಗಿ. ಎಪ್ಪತ್ತು ದಾಟಿದರೂ ಆಕೆ ಕಡಲು ಕಂಡಿರಲಿಲ್ಲ. ಒಮ್ಮೆಯಾದರೂ ಅದರೊಳಗೆ ಕಾಲಿಡಬೇಕು ಎನ್ನುತ್ತಿದ್ದಳು.

ಶುಕ್ರವಾರವೇ ಎಲ್ಲ ತಪ್ಪಿತು. ವಾಲಿಬಾಲ್ ಆಡಬೇಕಿದ್ದ ಅಪ್ಪ, ಕಾಕಾ ಅಲ್ಲಿನ ಮಾಲಿಯನ್ನು ಹಿಡಿದುಕೊಂಡು, ಬೋರಿನ ನೀರು ಸಿಹಿಯೋ ಉಪ್ಪೋ ಎಂದು ಕತ್ತಲಾಗುವವರೆಗೆ ವಿಚಾರಿಸಿದರು. ಚಿಪ್ಪು ಆರಿಸಬೇಕಿದ್ದ ಅವ್ವ ಎಲ್ಲರ ಬಟ್ಟೆ ಒಗೆದು ಬಾಲ್ಕನಿ ತುಂಬ ಒಣಹಾಕಿದಳು. ಹುಡುಗಿಗೆ ಮಾತ್ರ ಎಲ್ಲವೂ ಬೇಕಿತ್ತು, ಅದೂ ಒಮ್ಮೆಲೇ.

ಶನಿವಾರ ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಆಯಿ ನೀರೂ ಮುಟ್ಟಲಿಲ್ಲ. ಹೂ ಮರೆತು ಬಂದಿದ್ದಳು. ಕಾಕಾ ಹೂ ಹುಡುಕಿ ತರುವಷ್ಟರಲ್ಲಿ ನಾಷ್ಟಾ ಮುಗಿದಿತ್ತು, ಬಿಸಿಲು ಏರಿತ್ತು. ಹೇಗೋ ದಂಡೆಗೆ ಕರೆತಂದೆ. ಒದ್ದೆ ಮರಳು ಕಂಡದ್ದೇ ಆಕೆ ನಿಂತುಬಿಟ್ಟಳು.

"ಬಾ ಆಯಿ, ಪಾದ ಮುಣಗೋವಷ್ಟ ಐತಿ."

"ಒಲ್ಲೆವ್ವಾ." ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮೇಲೆ ಕೈಯಿಟ್ಟಳು. ಅದರೊಳಗೆ ಆಕೆಯ ಇಷ್ಟಲಿಂಗ. "ತೆರಿ ಬಂದು ಕೆಡವಿ, ಲಿಂಗ ನೀರಪಾಲಾತಂದ್ರ?"

"ಬಿಚ್ಚಿ ಅವ್ವನ ಕಡೆ ಕೊಡು."

"ಸಣ್ಣಾಕಿದ್ದಾಗ ಕಟ್ಟಿದ್ದು. ಜೀವ ಹೋಗೂತನ ಮೈಮ್ಯಾಲಿಂದ ಬಿಚ್ಚಾಂಗಿಲ್ಲ. ಗೊತ್ತಿದ್ದೂ ಕೇಳ್ತೀಯಲ್ಲ."

ಕಾಕಾ ಉಪಾಯ ಹೇಳಿದ. "ಬಕೆಟಿನ್ಯಾಗ ತರ್ತೇನಿ, ಕಾಲ ಇಳಿಬಿಡವ್ವಾ."

"ಬಕೆಟಿನ ನೀರಿಗೆ ಹುಕ್ಕೇರಿಯಿಂದ ಯಾಕ ಬರಬೇಕಿತ್ತೋ?"

ಇಡೀ ದಿನ ಛತ್ರಿ ಹಿಡಿದು ಒಣ ಮರಳಿನ ಮೇಲೆ ಕೂತು ನೀರು ನೋಡಿದಳು. ಕೂತವಳಿಗೂ ತೃಪ್ತಿಯಿಲ್ಲ, ಕರೆತಂದ ನನಗೂ ಇಲ್ಲ. ಸಂಜೆಯ ಹೊತ್ತಿಗೆ ನಾನು ವೇಳಾಪಟ್ಟಿ ತೆಗೆದು ನೋಡುವುದನ್ನೇ ಬಿಟ್ಟಿದ್ದೆ.

ಭಾನುವಾರ ಹನ್ನೊಂದಕ್ಕೆ ಕೋಣೆ ಬಿಡಬೇಕಿತ್ತು. ಹತ್ತಕ್ಕೆ ಹುಡುಗಿ ದೋಣಿಯಿಂದಿಳಿದು, ಮೈಮೇಲಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನೊಡನೆಯೇ ಓಡಿ ಬಂದಳು. ಆಯಿ ಅದರ ಪಟ್ಟಿ ಹಿಡಿದು ಜಗ್ಗಿದಳು. ಮತ್ತೊಮ್ಮೆ ಜೋರಾಗಿ ಜಗ್ಗಿದಳು. ಹುಡುಗಿಯೇ ಮುಗ್ಗರಿಸಿದಳು, ಪಟ್ಟಿ ಬಿಚ್ಚಿಕೊಳ್ಳಲಿಲ್ಲ.

"ನನಗೊಂದು ದೊಡ್ಡದು ಕೊಡಸು."

"ನೀ ದೋಣಿ ಹತ್ತಾಕಿ ಏನು?"

"ದೋಣಿ ಯಾರಿಗೆ ಬೇಕಾಗೇತಿ?"

ದೋಣಿಯವನಿಂದ ದೊಡ್ಡ ಜಾಕೆಟ್ ಕೇಳಿ ತಂದು ಇಳಕಲ್ ಸೀರೆಯ ಮೇಲೆ ತೊಡಿಸಿದೆ. ಕರಡಿಗೆ ಅದರಡಿ ಭದ್ರವಾಗಿ ಕೂತಿತು. ಎರಡು ಸಲ ಬಗ್ಗಿ ಪರೀಕ್ಷಿಸಿದಳು. ಆಮೇಲೆ ಯಾರ ಕೈಯೂ ಹಿಡಿಯದೆ ನಡೆದು, ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ಕೂತೇಬಿಟ್ಟಳು.

"ಅತ್ತೀ, ಸೀರಿ ಎಲ್ಲಾ ಪ್ಯಾಕ್ ಮಾಡೇನ್ರಿ," ಎಂದು ಅವ್ವ ಕೂಗಿದಳು. ಆಯಿ ಕೇಳಿಸಿಕೊಳ್ಳಲಿಲ್ಲ. ದೋಣಿಯವನು ಬಂದು, ಮುಂದಿನ ಸವಾರಿಗೆ ಜಾಕೆಟ್ ಬೇಕು ಎಂದ. ಅದನ್ನೂ ಕೇಳಿಸಿಕೊಳ್ಳಲಿಲ್ಲ.

"ಆಯಿ, ಹನ್ನೊಂದಾಗಾಕ ಬಂತು."

"ನೀ ಹೋಗಿ ಚಾವಿ ಕೊಟ್ಟು ಬಾ. ಹಂಗ ಇಲ್ಲೇ ದಂಡಿಮ್ಯಾಲ ಇರಾಕ ಇನ್ನೊಂದು ತಾಸು ಕೇಳು."

ಮೆಟ್ಟಿಲಿನಿಂದ ತಿರುಗಿ ನೋಡಿದೆ. ಅಪ್ಪ, ಕಾಕಾ ಪ್ಯಾಂಟು ಮಡಚಿಕೊಂಡು ಆಕೆಯ ಎರಡೂ ಬದಿ ಕೂತಿದ್ದರು, ಹುಡುಗಿ ಅವರ ಮುಂದೆ ನೀರೆರಚುತ್ತಿದ್ದಳು. ಅವ್ವ ಅಲ್ಲೇ ಮರಳಿನ ಮೇಲೆ ಬಟ್ಟೆಯ ಚೀಲ ಬಿಚ್ಚಿ ಒಣ ಸೀರೆ ಹುಡುಕುತ್ತಿದ್ದಳು. ಮೂರು ದಿನಗಳಲ್ಲಿ ಮೊದಲ ಸಲ ಎಲ್ಲರೂ ಒಂದೇ ಕಡೆ ಇದ್ದರು. ಚಾವಿ ಹಿಡಿದು ಆಫೀಸಿಗೆ ಹೊರಟವಳು ನಾನೊಬ್ಬಳೇ.