ತಮ್ಮ ವಿಶ್ವಾಸಿ

ಬಂದ ಕಾಗದಕ್ಕೆ ಬಂದ ದಿನವೇ ಉತ್ತರ ಬರೆಯಬೇಕು ಅನ್ನುವುದು ನಮ್ಮಪ್ಪನ ಹುಚ್ಚು. ತುಮಕೂರಿನ ನಮ್ಮ ಮನೆಯ ಮುಂದಿನ ಹಾಲಿನಲ್ಲೇ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಒಳಗೆ ಅಮ್ಮನ ಕುಕ್ಕರ್ ಕೂಗು, ಹೊರಗೆ ಮೆಷಿನ್ನುಗಳ ಟಕಟಕ, ಇವೆರಡರ ನಡುವೆ ಬೆಳೆದವಳು ನಾನು. ಬಿತ್ತನೆ ಬೀಜದ ಅಂಗಡಿಯವರು ಯಾರಿಗೋ ಕಳಿಸಬೇಕಾದ ಕಾಗದ ನಮಗೆ ಬಂದರೆ ಅದಕ್ಕೂ “ಮಾನ್ಯರೇ, ನಮಗೆ ಜಮೀನಿಲ್ಲ” ಅಂತ ಉತ್ತರ ಹೋಗುತ್ತಿತ್ತು. ನೆಂಟರ ಲಗ್ನಪತ್ರಿಕೆಗೂ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಅಂತ ಶುರುಮಾಡಿ, ಕೊನೆಗೆ “ತಮ್ಮ ವಿಶ್ವಾಸಿ” ಅಂತ ಸಹಿ ಹಾಕುವವರು. ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪನಿಗೆ ಅದೇನೂ ನಾಟುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕರಗಿಹೋದರು. ಹುಡುಗರೆಲ್ಲ ಬಸ್‌ಸ್ಟ್ಯಾಂಡ್ ಕಡೆಯ ಹೊಸ ಕಂಪ್ಯೂಟರ್ ಸೆಂಟರುಗಳಿಗೆ ಓಡಿದರು. ನಮ್ಮಲ್ಲಿ ಉಳಿದವರು ಹುಡುಗಿಯರು ಮಾತ್ರ. ಪಕ್ಕದ ಬೀದಿಯ ಬುರ್ಖಾ ಹುಡುಗಿಯರು, ಗೂಳೂರಿನವರು, ಗುಬ್ಬಿ ಕಡೆಯಿಂದ ರೈಲಿನಲ್ಲಿ ಬರುವವರು. ಅವರು ಉಳಿದದ್ದು ನಮ್ಮ ಹಳೇ ಮೆಷಿನ್ನುಗಳ ಚೆಂದಕ್ಕಲ್ಲ. ಎಲ್ಲರ ಮನೆಯಲ್ಲೂ ಒಂದೇ ಮಾತು: “ಮೇಷ್ಟ್ರ ಮನೆಗಾದ್ರೆ ಹೋಗ್ಲಿ ಬುಡು.” ನಮ್ಮ ಬಂಡವಾಳ ಅಂದರೆ ಅದೊಂದು ಮಾತು. ಅದು ಹೋದರೆ ಹಾಲ್ ಖಾಲಿ ಅಂತ ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡು ಸಾವಿರದ ಮೂರರ ಸುಮಾರಿಗೆ ನಾವೂ ಕಂಪ್ಯೂಟರ್ ತಂದೆವು. ಫೋನ್ ಲೈನಿನಲ್ಲೇ ಇಂಟರ್‌ನೆಟ್ ಹಾಕಿಸಿದೆವು. ಅಷ್ಟರಲ್ಲಿ ಡಿಪ್ಲೊಮಾ ಮುಗಿಸಿದ್ದ ನಾನು ಪಾಠಕ್ಕೆ ನಿಂತೆ, ಇನ್‌ಸ್ಟಿಟ್ಯೂಟಿಗೆ ಅಂತ ಒಂದು ಇಮೇಲ್ ವಿಳಾಸವನ್ನೂ ಮಾಡಿಕೊಟ್ಟೆ. ಅಪ್ಪ ಅದನ್ನು ಬೋರ್ಡಿನ ಮೇಲೆ ಬರೆಸಿದ್ದು ಸಾಲದೆ, ಇಂಟರ್‌ನೆಟ್ಟಿನಲ್ಲಿ ಯಾವ ಪುಟ ಕೇಳಿದರೂ ತುಂಬಿಕೊಟ್ಟರು. ಕೇಳಿದವರಿಗೆ ವಿಳಾಸ ಹೇಳದೆ ಇರುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಸ್ವಲ್ಪ ದಿನಕ್ಕೇ ಕಸ ಬಂದು ಬೀಳತೊಡಗಿತು. ಮೊದಲು ಲಾಟರಿ, ಆಮೇಲೆ ಗಂಡಸರ ಮಾತ್ರೆ, ಆಮೇಲೆ ಹೇಳಬಾರದ್ದು. ಒಂದು ಬೆಳಿಗ್ಗೆ ಹುಡುಗಿಯರು ಸುತ್ತ ನಿಂತಿದ್ದಾಗ ಅಪ್ಪ “ಹಲೋ” ಅಂತಿದ್ದ ಒಂದು ಮೇಲ್ ತೆರೆದರು. ನಮ್ಮ ಇಂಟರ್‌ನೆಟ್ಟಿನದು ಎತ್ತಿನಗಾಡಿಯ ವೇಗ. ಫೋಟೋ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಕೂದಲು ಬಂತು, ಹಣೆ ಬಂತು, ನಗುವ ಬಾಯಿ ಬಂತು. “ಯಾರೋ ಮೇಡಂ” ಅಂದರು ಅಪ್ಪ, ಗೌರವದಿಂದ. ಭುಜ ಬಂದರೂ ಬಟ್ಟೆ ಬರಲಿಲ್ಲ. ಅಪ್ಪ ಪಕ್ಕದ ಟೈಪ್‌ರೈಟರಿನ ರೆಕ್ಸಿನ್ ಹೊದಿಕೆ ಕಿತ್ತು ಮಾನಿಟರಿಗೆ ಹೊದಿಸಿಬಿಟ್ಟರು. ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು. ಅಪ್ಪ ನಗಲಿಲ್ಲ. ಹೊದಿಕೆಯ ಅಂಚನ್ನು ಇನ್ನೂ ಕೆಳಕ್ಕೆ ಎಳೆದರು.

ಮಧ್ಯಾಹ್ನ ಊಟ ಮುಗಿಸಿ ಆ ಮೇಲ್‌ಗೆ ಉತ್ತರ ಬರೆಯಲು ಕೂತರು.

“ಅಪ್ಪಾ, ಇದಕ್ಕೆಲ್ಲ ಉತ್ತರ ಬರೀಬಾರ್ದು. ಬರೆದ್ರೆ ಈ ವಿಳಾಸದಲ್ಲಿ ಜನ ಇದಾರೆ ಅಂತ ಗೊತ್ತಾಗತ್ತೆ. ಇನ್ನೂ ಜಾಸ್ತಿ ಕಳಿಸ್ತಾರೆ.”

“ಕಳಿಸೋರೂ ಮನುಷ್ಯರೇ ತಾನೇ? ಇಲ್ಲಿ ಹೆಣ್ಣುಮಕ್ಕಳು ಕಲೀತಾರೆ ಅಂತ ಮರ್ಯಾದೆಯಾಗಿ ಹೇಳಿದ್ರೆ ಅರ್ಥ ಮಾಡ್ಕೊಳ್ಳಲ್ವೇನಮ್ಮ?”

ನನಗೆ ಮೈಯೆಲ್ಲ ಉರಿಯಿತು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಪ್ಪ ತಮ್ಮ ಕಚೇರಿ ಇಂಗ್ಲಿಷಿನಲ್ಲಿ, ಸಮಾಧಾನವಾಗಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಪತ್ರ ತಲುಪಿದೆಯೆಂದೂ, ಇನ್ನು ಮುಂದೆ ಇಂಥವನ್ನು ದಯವಿಟ್ಟು ಕಳಿಸಬಾರದೆಂದೂ ಟೈಪ್ ಮಾಡಿ, ಕೆಳಗೆ ಇಂಗ್ಲಿಷಿನಲ್ಲೇ “ತಮ್ಮ ವಿಶ್ವಾಸಿ” ಹಾಕಿದರು. ಎಂಥ ಮೇಲ್, ಅದರಲ್ಲಿ ಕಂಡದ್ದು ಎಂಥ ವಿಷಯ! ಅಳಬೇಕೋ ನಗಬೇಕೋ ತಿಳಿಯದೆ ನಾನು ಎದ್ದು ಒಳಗೆ ಹೋದೆ.

ಅಂದುಕೊಂಡಂತೆಯೇ ಆಯಿತು. ಮೇಲ್‌ಗಳು ಹೆಚ್ಚಿದವು. ಅಪ್ಪ ಒಂದನ್ನೂ ಬಿಡದೆ ಉತ್ತರ ಬರೆದರು, ಬರೆದಷ್ಟೂ ಬಂದವು. ನಾನೊಮ್ಮೆ ನೆಂಟರ ಮದುವೆಗೆಂದು ಗುಬ್ಬಿಗೆ ಹೋಗಿದ್ದ ದಿನ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. ಹೇಗೂ ಇಷ್ಟು ಉತ್ತರ ಬರೆಯುವುದಿದೆ, ಹುಡುಗಿಯರಿಗೂ ಅಭ್ಯಾಸವಾಗಲಿ. ಫೋಟೋ ಇಲ್ಲದ ಮೇಲ್‌ಗಳನ್ನೇ ಆರಿಸಿ, ಅವರ ಕೈಯಲ್ಲಿ ಉತ್ತರ ಟೈಪ್ ಮಾಡಿಸಿ, ಪ್ರಿಂಟ್ ತೆಗೆದು ಒಬ್ಬೊಬ್ಬರಿಗೂ ಕೊಟ್ಟರು. ಹಾಳೆಯ ತುದಿಯಲ್ಲಿ, ಬಂದ ಮೇಲ್‌ನ ತಲೆಬರಹ ತಾನಾಗಿಯೇ ಅಚ್ಚಾಗಿತ್ತು. ಆ ಇಂಗ್ಲಿಷ್ ಮಾತುಗಳ ಅರ್ಥ ಅಪ್ಪನಿಗೆ ಗೊತ್ತಿರಲಿಲ್ಲ. ಅವರು ಕಲಿತ ಇಂಗ್ಲಿಷಿನಲ್ಲಿ ಅಂಥ ಮಾತೇ ಇರಲಿಲ್ಲ.

ಹುಡುಗಿಯರಲ್ಲಿ ನಿಟ್ಟೂರಿನವಳೊಬ್ಬಳಿದ್ದಳು. ಕೀಬೋರ್ಡ್ ನೋಡದೆ ಮಳೆ ಸುರಿದಂತೆ ಟೈಪ್ ಮಾಡುವಳು. ತುಮಕೂರಿನ ಅಂಚಿಗಿರುವ ಸತ್ಯಮಂಗಲದ ಯಾವುದಾದರೂ ಫ್ಯಾಕ್ಟರಿಯ ಆಫೀಸಿನಲ್ಲಿ ಕೂರಬೇಕು ಅನ್ನುವುದು ಅವಳ ಆಸೆ, ಅಪ್ಪನ ಆಸೆಯೂ ಅದೇ. ಅವಳ ಮನೆಯಲ್ಲಿ ಕಾಲೇಜು ಓದುವ ಚಿಕ್ಕಪ್ಪನ ಮಗ ಆ ಹಾಳೆ ನೋಡಿ, ಅವಳಪ್ಪನಿಗೆ ಕನ್ನಡದಲ್ಲಿ ಅರ್ಥ ಹೇಳಿದನಂತೆ. ಮಾರನೇ ದಿನದಿಂದ ಅವಳು ಬರಲಿಲ್ಲ. ಸುದ್ದಿ ಹಬ್ಬಿ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಕೆಲವರು ಪರೀಕ್ಷೆ ಅಂದರು, ಕೆಲವರು ಮನೆಗೆಲಸ ಅಂದರು.

“ನಾನೇ ಹೋಗಿ ಹೇಳಿದ್ರೆ ತಿಳ್ಕೋತಾರೆ” ಅಂತ ಅಪ್ಪ ನನ್ನನ್ನು ಕರೆದುಕೊಂಡು ನಿಟ್ಟೂರಿಗೆ ಹೊರಟರು. ಅವಳ ಅಪ್ಪನದು ಬೈಕ್ ರಿಪೇರಿ ಅಂಗಡಿ, ಹಿಂದೆ ಮನೆ. ನಮ್ಮನ್ನು ನೋಡಿ ಗ್ರೀಸ್ ಕೈ ತೊಳೆದು ಬಂದು, ಕುರ್ಚಿ ಒರೆಸಿ ಕೂರಿಸಿದರು. ಕಾಫಿ ಬಂತು. ಒಳಬಾಗಿಲ ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು.

“ನಿಮ್ಗೆ ಆ ಕಾಗ್ದ ಬಂತು ಅಂತ ನಾನು ತಪ್ಪು ತಿಳ್ಕಂಡಿಲ್ಲ ಮೇಷ್ಟ್ರೇ” ಅಂದರು ಅವರು. “ಬೀದೀಲಿ ಯಾವನೋ ಕುಡುಕ ಏನೋ ಅಂತಾನೆ, ನಾವು ಕೇಳ್ದಂಗೆ ಬಂದ್ಬುಡ್ತೀವಿ. ಆದ್ರೆ ನೀವು ಉತ್ರ ಬರ್ದಿದ್ದೀರಿ. ನನ್ ಮಗಳ ಕೈಲೂ ಬರ್ಸಿದ್ದೀರಿ. ಕೊನೇಲಿ ತಮ್ಮ ವಿಶ್ವಾಸಿ ಅಂತ ಐತಂತೆ. ವಿಶ್ವಾಸ ಇಲ್ದೆ ಯಾರಾದ್ರೂ ಹಂಗೆ ಬರೀತಾರ?”

“ಅದು… ಪತ್ರ ಬರೆಯೋ ಪದ್ಧತಿ” ಅಂದರು ಅಪ್ಪ.

“ಇರ್ಬೋದು ಬುಡಿ. ಕಾಫಿ ಆರೋಯ್ತದೆ, ಕುಡೀರಿ.”

ಅಷ್ಟೇ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬೈಯಲೂ ಇಲ್ಲವಲ್ಲ ಆ ಮನುಷ್ಯ! ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಸಂಕಟವಿತ್ತು. ಎಲ್ಲಿಯವರೆಂದು ಗೊತ್ತಿಲ್ಲದ, ಹಿಡಿದು ಎರಡು ಬಾರಿಸಲೂ ಸಿಗದ ಯಾರೋ, ನಮ್ಮ ಮನೆಯ ಮಾನ ಕಳೆದು ಆರಾಮಾಗಿದ್ದರು.

ಆಮೇಲೆ ಅಪ್ಪ ಉತ್ತರ ಬರೆಯುವುದನ್ನು ಬಿಟ್ಟರು. ಇಂಟರ್‌ನೆಟ್ ತೆಗೆಸೋಣ ಅಂದರೆ ಕೇಳಲಿಲ್ಲ. ಯಾರಾದರೂ ಪಾಠಕ್ಕೆಂದು ಬರೆದಾರು ಅಂದರು. ಬರೆದಿದ್ದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಬೆಳಿಗ್ಗೆ ಕಾಫಿ ಕುಡಿದು ಕೂತರೆ “ಹಲೋ” ಅಂತಿದ್ದದ್ದನ್ನೆಲ್ಲ ತೆರೆಯದೆ ಅಳಿಸುವುದೇ ಅವರ ಕೆಲಸವಾಗಿತ್ತು. ನಾನು ಮದುವೆಯಾಗಿ ಕುಣಿಗಲ್ಲಿಗೆ ಹೋದೆ. ಹಾಲಿನಲ್ಲಿ ಅವರೊಬ್ಬರೇ ಉಳಿದರು.

ಕೆಲವು ವರ್ಷದ ಮೇಲೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನಿಟ್ಟೂರಿನ ಹುಡುಗಿ ಸಿಕ್ಕಳು. ಅವಳೇ ಗುರುತು ಹಿಡಿದು ಬಂದು ಕೈ ಹಿಡಿದುಕೊಂಡಳು.

“ಸಾರ್‌ಗೆ ನನ್ ಮೇಲೆ ಇನ್ನೂ ಕೋಪ ಐತಾ ಅಕ್ಕ?”

“ಯಾಕೇ?”

“ಸತ್ಯಮಂಗಲದಲ್ಲಿ ಒಂದು ಕೆಲ್ಸ ಇತ್ತು. ಕಲ್ತಿದೀನಿ ಅಂತ ಸಾರ್ ಕೈಲಿ ಬರ್ಸ್ಕಂಬಾ ಅಂದ್ರು. ನಿಮ್ಮನೆಗೆ ಬರೋಕೆ ನಮ್ಮಪ್ಪ ಬಿಡ್ತಿರ್ಲಿಲ್ಲ. ಗುಬ್ಬಿ ಸೈಬರ್ ಸೆಂಟರಿಂದ ಮೇಲ್ ಮಾಡ್ದೆ. ‘ಹಲೋ ಸಾರ್’ ಅಂತ ಹಾಕಿದ್ದೆ. ಇನ್ನೊಂದ್ಸಲನೂ ಮಾಡ್ದೆ. ಯಾರ್ಯಾರಿಗೋ ಉತ್ರ ಬರೆಯೋರು, ನಂಗೆ ಬರೀಲಿಲ್ಲ. ನಮ್ಮಪ್ಪ ಹಂಗಂದಿದ್ದಕ್ಕೆ ಬೇಜಾರಾಗೈತೆ ಅಂತ ಸುಮ್ನಾದೆ. ಬುಡಿ, ಆ ಕೆಲ್ಸ ಇನ್ಯಾರಿಗೋ ಆಯ್ತು.”

ಕೋಪ ಇಲ್ಲ ಕಣೇ ಅಂದೆ. ಅವಳು ನಂಬಿದಳೋ ಇಲ್ಲವೋ, ಬಸ್ ಬಂತು, ಹತ್ತಿಕೊಂಡಳು.

ಮುಂದಿನ ಸಲ ತುಮಕೂರಿಗೆ ಹೋದಾಗ ಅಪ್ಪ ಹಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಿಟ್ಟೂರಿನ ಹುಡುಗಿ ಸಿಕ್ಕಿದ್ದಳು ಅಂದೆ. “ಚೆನ್ನಾಗಿದ್ದಾಳಾ? ನಮ್ಮನ್ನ ಮರೆತೇಬಿಟ್ಟಿರ್ಬೇಕು, ಒಂದು ಸಾಲೂ ಬರೀಲಿಲ್ಲ” ಅಂದರು. ಚೆನ್ನಾಗಿದ್ದಾಳೆ ಅಂದು ನಾನೂ ಕಾಯಿ ಸುಲಿಯಲು ಕೂತೆ.