ಅಣ್ಣನ ದನಿಯಲ್ಲಿ ನಾನು ದಾನ ಮಾಡಿದ ಕಾರು

ತಪ್ಪು ನಂದೇ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗೋದಕ್ಕಿಂತ ನಾನೇ ಹೇಳಿಬಿಡೋದು ವಾಸಿ. ತೀರಿಹೋದ ಅಣ್ಣನ ದನಿಯಲ್ಲಿ ಮಾತಾಡಿ, ಅವನ ಕಾರನ್ನ ಊರಿಗೆ ದಾನ ಮಾಡಿದವನು ನಾನು. ಕಾರು ನಂದಲ್ಲ, ದನಿಯೂ ನಂದಲ್ಲ. ನಂದು ಅಂತ ಇದ್ದಿದ್ದು ಮೈಕು ಹಿಡಿದ ಕೈ ಒಂದೇ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ಸೇನೆಯಲ್ಲಿ ಕಮಾಂಡೊ ಆಗಿದ್ದ, ವಿಮಾನದಿಂದ ಹಾರೋ ಪೈಕಿ. ಎರಡು ವರ್ಷದ ಹಿಂದೆ ಗಡಿ ಕಡೆ ಒಂದು ಕಾರ್ಯಾಚರಣೆಗೆ ಹೋದವನು ಪೆಟ್ಟಿಗೆಯಲ್ಲಿ ಬಂದ. ಬೂದಿಗೆರೆ ಪಕ್ಕದ ನಮ್ಮೂರು ಅವತ್ತು ಅತ್ತಿತು. ಮಾರನೇ ತಿಂಗಳಿಂದ ಅತ್ತಿಗೆಗೆ ಸನ್ಮಾನ ಮಾಡೋಕೆ ಶುರು ಮಾಡಿತು. ಮನೇಲಿ ಅರಿಶಿನ ಕುಂಕುಮಕ್ಕೆ ಕರೆಯದವರೆಲ್ಲ ವೇದಿಕೆಗೆ ಮಾತ್ರ ತಪ್ಪದೆ ಕರೆದರು. ಹೊಸಕೋಟೆಯಲ್ಲಿ ಚಪ್ಪಲಿ ಅಂಗಡಿ ತೆರೆದರೂ ಅತ್ತಿಗೆಗೊಂದು ಶಾಲು. ಬೀರು ತುಂಬಿ, ಕಿಟಕಿಗೆ ಪರದೆಯಾಗಿ, ಕೊನೆಗೆ ಚಳಿಗಾಲದಲ್ಲಿ ದೊಡ್ಡಪ್ಪನ ಹಸುವೂ ಜರಿ ಅಂಚಿನ ಶಾಲು ಹೊದ್ದು ಮೆಲುಕು ಹಾಕುತ್ತಿತ್ತು. ಊರಿಗೆ ಹೊಸದಾಗಿ ಬಂದವರು ಇದು ಯಾವ ಸಾಧನೆ ಮಾಡಿದ ಹಸು ಅಂತ ಕೇಳಬೇಕು, ಹಾಗೆ.

"ಏನ್ ಬೇಕಾದ್ರೂ ಕೇಳಮ್ಮ, ನಾವಿದೀವಿ" ಅಂತ ಪ್ರತಿ ವೇದಿಕೆಯಲ್ಲೂ ಅನ್ನೋರು. ಒಂದು ಸಲ ಅತ್ತಿಗೆ ಕೇಳಿಯೇಬಿಟ್ಟರು. "ಬೆಳಗ್ಗೆ ಐದು ಗಂಟೆಗೆ ದೇವನಹಳ್ಳಿ ಕಡೆಗೆ ಒಂದು ಬಸ್ಸು ಬಿಡಿಸಿಕೊಡಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಂದು ಶಾಲು ಹೊದಿಸಿದರು.

ಬಸ್ಸು ಕೇಳೋಕೆ ಕಾರಣ ಇತ್ತು. ಅವರಿಗೆ ವಿಮಾನ ನಿಲ್ದಾಣದಲ್ಲಿ ಸರಕು ನೋಡಿಕೊಳ್ಳೋ ಕಡೆ ಕೆಲಸ ಸಿಗೋ ಹಾಗಿತ್ತು. ಬೆಳಗ್ಗೆ ಆರಕ್ಕೆ ಪಾಳಿ, ನಮ್ಮೂರಿಗೆ ಮೊದಲ ಬಸ್ಸು ಏಳೂವರೆಗೆ. ಕೊನೆಗೂ ಕೆಲಸ ಸಿಕ್ಕಿತು, ಬಸ್ಸು ಸಿಗಲಿಲ್ಲ. ಪರವಾಗಿಲ್ಲ, ಅಣ್ಣನ ಕೆಂಪು ಕಾರು ಇತ್ತಲ್ಲ. ಅದನ್ನ ಓಡಿಸೋದು ಅತ್ತಿಗೆ ಎಂದೋ ಕಲಿತಿದ್ದರು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು.

ಅದರ ಹಿಂದಿನ ವಾರ ಯುವಕ ಸಂಘದ ವಾರ್ಷಿಕೋತ್ಸವ. ನಾನು ಊರಿನ ಮಿಮಿಕ್ರಿ ಕಲಾವಿದ. ಹಾಗಂತ ಬ್ಯಾನರಿನಲ್ಲಿ ಹಾಕಿಸಿಕೊಂಡವನೂ ನಾನೇ. ಕಂಡಕ್ಟರು, ಸೈಟು ಮಾರೋರು, ಸಂಘದ ಅಧ್ಯಕ್ಷರ ಕೆಮ್ಮು, ಎಲ್ಲ ಮುಗಿಸಿದ್ದೆ. ಅಧ್ಯಕ್ಷರು ಕಿವೀಲಿ ಉಸುರಿದರು: "ಗುರು, ನಿಮ್ಮಣ್ಣನ ಥರ ಎರಡು ಮಾತಾಡು. ಜನ ಅಳ್ಬೇಕು."

ಚಿಕ್ಕಂದಿನಿಂದ ಅಣ್ಣನ್ನ ಅಣಕಿಸಿ ಅವನ ಕೈಲೇ ಒದೆ ತಿಂದವನು ನಾನು. ದನಿ ಸಲೀಸಾಗಿ ಬಂತು. ತಾಯ್ನಾಡು, ಹಿಮ, ಗುಂಡು ಅಂದೆ. ಮುಂದಿನ ಸಾಲು ಅತ್ತಿತು, ಹಿಂದಿನ ಸಾಲು ಮೊಬೈಲು ನೋಡುತ್ತಿತ್ತು. ನನಗೆ ಹಿಂದಿನ ಸಾಲೂ ಬೇಕಿತ್ತು. "ನಂದು ಅಂತ ಏನೈತ್ರಪ್ಪಾ? ಆ ಕಾರೂ ಊರಿಗೇ!" ಅಂದುಬಿಟ್ಟೆ.

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಕೈಮುಗಿದರು. "ಅಯ್ಯೋ, ಮೈಮೇಲೆ ಬಂದವ್ನೆ ಕಣ್ರೋ!"

ನಮ್ಮ ಕಡೆ ಒಬ್ಬರ ಮೈಮೇಲೆ ಬಂತು ಅಂದರೆ ಆಮೇಲೆ ಚರ್ಚೆ ಇಲ್ಲ, ಆಡಿದ್ದೇ ಅಪ್ಪಣೆ. ಕರ್ಪೂರ ಬಂತು. ಕೈಗೆ ನಿಂಬೆಹಣ್ಣು ಬಂತು. ಸ್ವತಃ ಅಧ್ಯಕ್ಷರು ನನ್ನ ಕಾಲಿಗೆ ಬಿದ್ದರು. 'ಇದು ಮಿಮಿಕ್ರಿ' ಅಂತ ಹೇಳೋಕೆ ಅದು ಸರಿಯಾದ ಹೊತ್ತು. ಆದರೆ ನನ್ನ ಕಲಾಜೀವನದಲ್ಲಿ ಅಂಥ ಪ್ರತಿಕ್ರಿಯೆ ಯಾವತ್ತೂ ಸಿಕ್ಕಿರಲಿಲ್ಲ. ಕಣ್ಣು ಮೇಲೆ ಮಾಡಿ, ಪೆಟ್ಟಾಗದ ಜಾಗ ನೋಡಿಕೊಂಡು, ಬಿದ್ದೆ.

ಬೆಳಗಾಗೋದರಲ್ಲಿ ತೀರ್ಮಾನ ಆಗಿಹೋಗಿತ್ತು. ಸರ್ಕಲ್ಲಿನಲ್ಲಿ ಕಟ್ಟೆ ಕಟ್ಟಿ, ಕಾರು ಕೂರಿಸಿ, ಸುತ್ತ ಗಾಜು ಹಾಕೋದು. ಭಾನುವಾರ ಸ್ಥಾಪನೆ. ನಮ್ಮ ಮನೆ ಮುಂದೆ ಬೇರೆ ಸಾಲು. ಒಬ್ಬರಿಗೆ ಬೋರು ಎಲ್ಲಿ ಕೊರೆಸಬೇಕು ಅಂತ ಅಣ್ಣನನ್ನ ಕೇಳಬೇಕಿತ್ತು. ಬೋರಿಗೂ ಕಮಾಂಡೊಗೂ ಏನು ಸಂಬಂಧ ಅಂದರೆ, "ಮೇಲಿಂದ ನೋಡಿದೋನಿಗೆ ನೀರು ಕಾಣುತ್ತೆ" ಅಂದರು.

"ಅಣ್ಣೋ, ನಾನು ನಾಟಕ ಆಡಿದ್ದು ಕಣಣ್ಣ" ಅಂದೆ ಆ ಬೋರಿನವರಿಗೆ.

"ನಿಂಗೆ ಹಂಗೇ ಅನ್ಸುತ್ತೆ ಕಣಪ್ಪ. ಮೈಮೇಲೆ ಬಂದೋರಿಗೆ ಗ್ಯಾನ ಇರಲ್ಲ."

ಅತ್ತಿಗೆ ಹತ್ತಿರ ಹೋದೆ. ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಮುಖ ನೋಡದೆ ಅಂದರು: "ಅವರು ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ ಕಣೋ. ಅಲ್ಲಿಂದ ಫೋನ್ ಮಾಡಿದ್ರೂ, ಊಟ ಆಯ್ತಾ, ಮಗು ಮಲಗ್ತಾ, ಸರಿ ಇಡ್ಲಾ, ಅಷ್ಟೇ. ತಾಯ್ನಾಡಂತೆ!"

"ತಪ್ಪಾಯ್ತು ಅತ್ತಿಗೆ."

"ಸೋಮವಾರ ಹೋಗಲಿಲ್ಲ ಅಂದ್ರೆ ಆ ಜಾಗಕ್ಕೆ ಬೇರೆಯವರನ್ನ ತಗೋತಾರೆ. ಎರಡು ವರ್ಷದಿಂದ ಶಾಲು ಹೊದ್ದು ಕೂತಿದೀನಿ, ಸಾಕು. ಕೊಟ್ಟೋನು ನೀನು, ನೀನೇ ಇಸ್ಕೊಂಡು ಬಾ."

ಅಧ್ಯಕ್ಷರು ಕಿವಿಗೇ ಹಾಕಿಕೊಳ್ಳಲಿಲ್ಲ. ದೊಡ್ಡಪ್ಪನಾದರೂ ಹೇಳಲಿ ಅಂತ ಕೊಟ್ಟಿಗೆಗೆ ಹೋದೆ. ಹಸುವಿನ ಬೆನ್ನು ಸವರುತ್ತ ಅಂದ: "ಸುಳ್ಳು ಅಂತ ನಂಗೂ ಗೊತ್ತು ಕಣ್ಲಾ. ಆದ್ರೂ ಅವನ ದನೀನೇ. ಇನ್ನೊಂದು ಚೂರು ಮಾತಾಡ್ಲಿ ಅನ್ನಿಸ್ತು." ಕೇಳೋಕೆ ಹೋಗಿದ್ದನ್ನ ಕೇಳದೆ, ಜಾರಿದ್ದ ಶಾಲನ್ನ ಹಸುವಿಗೆ ಸರಿಯಾಗಿ ಹೊದಿಸಿ ಬಂದೆ.

ಭಾನುವಾರ ಬೆಳಗ್ಗೆ ದೊಡ್ಡಪ್ಪನ ಮನೆ ಮುಂದೆ ಚೆಂಡುಹೂ ಕಟ್ಟಿದ ಕ್ರೇನು ಬಂದು ನಿಂತಿತ್ತು. ಅದಕ್ಕೂ ಮೊದಲೇ ಬಂದ ಪೇಂಟರ್ ಭಾಯಿ ಕಾರಿನ ಒಂದು ಪಕ್ಕಕ್ಕೆಲ್ಲ ಮಿಲಿಟರಿ ಹಸಿರು ಬಳಿದಿದ್ದರು. ಕೆಂಪು ಕಾರು ಈಗ ಕೊಯ್ದ ಕಲ್ಲಂಗಡಿ ಥರ ಕಾಣುತ್ತಿತ್ತು. "ನಂಗೇನ್ ಗೊತ್ತು ಭಾಯ್, ಮಿಲಿಟ್ರಿ ಕಲರ್ ಹೊಡಿ ಅಂದ್ರು" ಅಂದರು ಪಾಪ.

ನನಗೆ ತೋಚಿದ್ದು ಒಂದೇ. ಬಂದ ದಾರಿಯಲ್ಲೇ ವಾಪಸ್ ಹೋಗೋದು. ಕ್ರೇನಿನ ಮುಂದೆ ನಿಂತು, ಕಣ್ಣು ಮೇಲೆ ಮಾಡಿ, ಅಣ್ಣನ ದನಿ ತೆಗೆದೆ. "ಲೇ, ಗಾಡಿ ಮುಟ್ಬೇಡ್ರಲಾ... ಅದು ನನ್ ಹೆಂಡ್ತಿಗೆ..."

ಮತ್ತೆ ಕರ್ಪೂರ ಹಚ್ಚಿದರು. ಅಧ್ಯಕ್ಷರು ಕೈಮುಗಿದು ವಿನಯವಾಗಿ ಕೇಳಿದರು: "ಅಣ್ಣಾ, ಹೋದ ಸಲ ಊರಿಗೆ ಅಂದಿದ್ರಲ್ಲಾ?"

ಅಲ್ಲಿಗೆ ಊರು ಎರಡು ಹೋಳಾಯಿತು. ಮೊದಲನೇ ಮಾತೇ ಮಾತು ಅಂತ ಕೆಲವರು, ಕೊನೇ ಮಾತೇ ಮಾತು ಅಂತ ಕೆಲವರು. ವಾರವೆಲ್ಲ ಅವಮ್ಮ ಓಡಿಸಲಿ, ಭಾನುವಾರ ಕಟ್ಟೆ ಮೇಲೆ ನಿಲ್ಲಿಸಲಿ ಅಂತ ಒಬ್ಬರು. ಸಂದಿಯಲ್ಲಿ ಬೋರಿನವರು ಬಂದು, "ಅಣ್ಣಾ, ಮೂಡಗಡೆನೋ ಪಡುವಗಡೆನೋ, ಅಷ್ಟು ಹೇಳ್ಬಿಡು" ಅಂದರು. ಕೊನೆಗೆ ಹೂ ಕೇಳೋಣ ಅಂತ ಆಯಿತು. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ದೇವರ ಜಾಗದಲ್ಲಿ ಕಾರು; ಹಸಿರು ಪಕ್ಕದ ಹೂ ಬಿದ್ದರೆ ಊರಿಗೆ, ಕೆಂಪು ಪಕ್ಕದ್ದು ಬಿದ್ದರೆ ಅತ್ತಿಗೆಗೆ. ಎರಡೂ ಬಾಗಿಲಿಗೆ ಒಂದೊಂದು ಸೇವಂತಿಗೆ ಅಂಟಿಸಿ ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು. ಕೆಂಪು ಕಡೇದು ಅಂಟಿಸುವಾಗಲೇ ಬಿತ್ತು, ಅದು ಲೆಕ್ಕಕ್ಕಿಲ್ಲ ಅಂದರು. ಹಸಿರು ಕಡೇದು ಹಸಿ ಪೇಂಟಿಗೆ ಕಚ್ಚಿಕೊಂಡು ಅಲ್ಲಾಡಲೇ ಇಲ್ಲ. ಕಾಲು ಗಂಟೆ ನಾವು ಊರವರೆಲ್ಲ ಒಂದು ಹೂವನ್ನ ನೋಡುತ್ತ ನಿಂತಿದ್ದೆವು. ನನ್ನ ಕಣ್ಣುಗುಡ್ಡೆ ನೋಯುತ್ತಿತ್ತು, ಯಾಕೆಂದರೆ ನಾನಿನ್ನೂ ಅಧಿಕೃತವಾಗಿ ಮೈಮೇಲೆ ಬಂದವನೇ.

ಅಷ್ಟರಲ್ಲಿ ಅತ್ತಿಗೆ ಮನೆಯಿಂದ ಹೊರಗೆ ಬಂದರು. ಯಾರನ್ನೂ ನೋಡದೆ ಕಾರಿನ ಬಾಗಿಲು ತೆಗೆದು ಕೂತರು, ಸ್ಟಾರ್ಟ್ ಮಾಡಿದರು. ಅಧ್ಯಕ್ಷರು ಓಡಿಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟರು. "ಅಮ್ಮಾ, ಒಂದ್ ನಿಮಿಷ. ನಿಮ್ಮ ಯಜಮಾನ್ರು ಇಲ್ಲೇ ಅವ್ರೆ. ಕೊನೇದಾಗಿ ಏನಂತಾರೋ ಕೇಳಿಬಿಡೋಣ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆಗೆದೆ. ಅತ್ತಿಗೆ ಕಿಟಕಿ ಗಾಜು ಇಳಿಸಿದರು.

"ಅವರು ಬದುಕಿದ್ದಾಗಲೇ ಕಾರಿನ ವಿಷಯದಲ್ಲಿ ನಾನು ಅವರ ಮಾತು ಕೇಳ್ತಿರಲಿಲ್ಲ. ಇನ್ನು ಇವನ ಬಾಯಲ್ಲಿ ಬಂದ್ರೆ ಕೇಳ್ತೀನಾ? ಕೈ ತೆಗೀರಿ!"