ಹೊನ್ನಪ್ಪನವರು ಮಾಡಿದ ಆಟದ ಡಬ್ಬಿ

ನಾನು ಸುಳ್ಳು ಹೇಳಿದೆ. ಒಬ್ಬ ಮನುಷ್ಯ ತನ್ನ ಕೈಯಾರೆ ಮಾಡಿದ ವಸ್ತುವನ್ನು, ಅದು ಅವನು ಮಾಡಿದ್ದಲ್ಲ ಎಂದು, ಅವನ ಎದುರಿಗೇ ಮೂವರು ದೊಡ್ಡ ಮನುಷ್ಯರಿಗೆ ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ — ಅದು ಒಂದೊಂದೇ ತಂತಿಯಾಗಿ ಕೂಡಿಕೊಳ್ಳುವುದನ್ನು ಏಳು ತಿಂಗಳು ಕಣ್ಣಾರೆ ಕಂಡಿದ್ದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಸುಳ್ಳಿನಿಂದ ನನಗೆ ಸಿಗುವುದೇನೂ ಇರಲಿಲ್ಲ.

ಹೊನ್ನಾವರದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಹೊನ್ನಪ್ಪನವರು ಅದೇ ವಿಭಾಗದ ಪ್ರಯೋಗಾಲಯದಲ್ಲಿ ಅಟೆಂಡರ್. ಮಿರ್ಜಾನದವರು, ದಿನವೂ ಟೆಂಪೋ ಹತ್ತಿ ಕುಮಟೆಗೆ, ಅಲ್ಲಿಂದ ಬಸ್ಸು ಹಿಡಿದು ಹೊನ್ನಾವರಕ್ಕೆ ಬರುತ್ತಿದ್ದರು. ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ. ಆಗ, ನನಗಿಂತ ಆರು ವರ್ಷ ಹಿರಿಯರಾದ ಅವರನ್ನು 'ಏ ಹೊನ್ನಪ್ಪ, ಬಾರೋ ಇಲ್ಲಿ' ಎಂದೇ ಕರೆಯುತ್ತಿದ್ದೆ. ಈಗ ಬಹುವಚನ ಹಚ್ಚಿದರೆ ಏನು ಬಂತು — ಖರ್ಚಿಲ್ಲದ ಮರ್ಯಾದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಆಗಲೇ ಹಳತಾಗುತ್ತಿತ್ತು. ಕ್ಯಾಸೆಟ್ ಸಿಕ್ಕಿಸಿದರೆ ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ಓಡುತ್ತಾನೆ, ಹಾರುತ್ತಾನೆ, ಗುಂಡಿಗೆ ಬಿದ್ದು ಸಾಯುತ್ತಾನೆ — ಅಷ್ಟೇ ಆಟ. ಹೊನ್ನಪ್ಪನವರಿಗೆ ಅದರ ಹುಚ್ಚು. ಮನೆಯ ಟಿ.ವಿ. ಸಂಜೆಯಾದರೆ ಅವರ ತಾಯಿಯ ಧಾರಾವಾಹಿಗಳ ಪಾಲು. ಹಾಗಾಗಿ ಕೈಯಲ್ಲಿ ಹಿಡಿದು ಬಸ್ಸಿನಲ್ಲೇ ಆಡುವಂಥದ್ದೊಂದನ್ನು ತಾವೇ ಮಾಡಿಕೊಳ್ಳಲು ಹೊರಟರು. ನಲವತ್ತಾರು ವರ್ಷದ ಗಂಡಸು! ನಾವು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ನಗುವುದಕ್ಕೆ ಒಂದು ವಿಷಯವಾಯಿತು. ನಮ್ಮ ನಗುವಿನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ — ಅಲ್ಲಿದ್ದ ನಾಲ್ವರು ಎಂ.ಎಸ್ಸಿ. ಪದವೀಧರರಲ್ಲಿ ಒಬ್ಬನಿಗೂ ಒಂದು ತಂತಿಯನ್ನು ನೆಟ್ಟಗೆ ಬೆಸುಗೆ ಹಾಕಲು ಬರುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಟ್ರಾನ್ಸಿಸ್ಟರ್ ಬರೆದು, ಸೀಮೆಸುಣ್ಣದಲ್ಲೇ ಅದನ್ನು ಕೆಲಸ ಮಾಡಿಸಿ, ಸಂಬಳ ಎಣಿಸಿಕೊಳ್ಳುವವರು ನಾವು.

ಅವರು ಕೂಡಿಹಾಕಿದ ಸಾಮಾನು ಹೀಗಿತ್ತು: ಕೆಟ್ಟುಹೋದ ಒಂದು ವಿಡಿಯೋ ಗೇಮಿನ ಬೋರ್ಡು, ಯಾರೋ ದುಬೈಯಿಂದ ತಂದು ಕೆಡಿಸಿ, ಭಟ್ಕಳದ ರಿಪೇರಿ ಅಂಗಡಿಯಲ್ಲಿ ಬಿಟ್ಟುಹೋದ ಅಂಗೈ ಅಗಲದ ಟಿ.ವಿ. — ಚಾನಲ್ಲು ಹಿಡಿಯುತ್ತಿರಲಿಲ್ಲ, ಪರದೆ ಮಾತ್ರ ಸರಿಯಿತ್ತು. ಹಳೆಯ ಕ್ಯಾಲ್ಕುಲೇಟರಿನ ರಬ್ಬರ್ ಗುಂಡಿಗಳು, ಸಣ್ಣ ರೇಡಿಯೋದ ಸ್ಪೀಕರು, ಆರು ಪೆನ್ಸಿಲ್ ಸೆಲ್ಲು. ಇಷ್ಟನ್ನೂ ಒಂದು ಚಪ್ಪಟೆ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ ಕೂರಿಸಬೇಕು. ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಹಿಂದಿನ ಬೆಂಚಿನಲ್ಲಿ ಕೂತು ಮಾಡುತ್ತಿದ್ದರು. ಬೋರ್ಡು ಡಬ್ಬಿಗಿಂತ ಉದ್ದವಾಯಿತು. ಗರಗಸದ ಅಲಗಿನಿಂದ ಅಂಚು ಕೊಯ್ದು, ಕೊಯ್ದಲ್ಲಿ ತುಂಡಾದ ತಾಮ್ರದ ಗೆರೆಗಳನ್ನು ಕೂದಲಿನಂಥ ತಂತಿಗಳಿಂದ ಮತ್ತೆ ಕೂಡಿಸಿದರು. ಮೂರು ಸಲ ಪರದೆಯಲ್ಲಿ ಬರೀ ಚುಕ್ಕೆಗಳ ಮಳೆ. ನಾಲ್ಕನೆಯ ಸಲ ಚಿತ್ರ ನಿಂತಿತು. ಮೊದಲು ತೋರಿಸಲು ಬಂದದ್ದು ನನಗೇ.

"ಸರ್, ಬಂತು ನೋಡಿ."

ನೋಡಿದೆ. ಬೆರಳಿನ ಉಗುರಿನಷ್ಟಿದ್ದ ಆ ಮನುಷ್ಯ ಅಲ್ಲಾಡದೆ ನಿಂತಿದ್ದ, ಬಣ್ಣ ಕೂಡ ಸರಿಯಾಗಿತ್ತು. ನನ್ನ ಬಾಯಿಂದ ಬಂದ ಮಾತು — "ಬೆಂಚು ಒರೆಸಿದ್ಯಾ?"

ಅದಾದ ಕೆಲವು ದಿನಗಳ ಮೇಲೆ ಪ್ರಾಯೋಗಿಕ ತರಗತಿಯಲ್ಲಿ ನಾನು ಜೋಡಿಸಿದ ಸರ್ಕ್ಯೂಟು ಕೆಲಸ ಮಾಡಲಿಲ್ಲ. ಇಪ್ಪತ್ತು ನಿಮಿಷ ತಿಣುಕಾಡಿದೆ. ವೋಲ್ಟೇಜಿನ ಮೇಲೆ ತಪ್ಪು ಹಾಕಿದೆ, ಬೋರ್ಡು ಹಳೆಯದೆಂದೆ. ಪಕ್ಕದ ಮೇಜು ಒರೆಸುತ್ತಿದ್ದ ಹೊನ್ನಪ್ಪನವರು ನನಗಷ್ಟೇ ಕೇಳುವ ಹಾಗೆ ಹೇಳಿದರು: "ಸರ್, ಟ್ರಾನ್ಸಿಸ್ಟರ್ ಉಲ್ಟಾ ಕೂತದೆ ಕಾಣ್ತದೆ." ಮೆಲ್ಲಗೆ ಹೇಳಿದರೂ ಮುಂದಿನ ಸಾಲಿನ ಹುಡುಗಿಯರಿಗೆ ಕೇಳಿಸಿತು, ಒಬ್ಬಳು ನಕ್ಕಳು. ತಿರುಗಿಸಿ ಹಾಕಿದೆ, ಸರ್ಕ್ಯೂಟು ನಡೆಯಿತು. ಅವರು ನಗಲಿಲ್ಲ. ನಕ್ಕಿದ್ದರೆ ಬೈದು ಮುಗಿಸುತ್ತಿದ್ದೆನೋ ಏನೋ — ಇಲ್ಲ, ಈ 'ಏನೋ' ಎಲ್ಲ ತಪ್ಪಿಸಿಕೊಳ್ಳುವ ಮಾತು.

ಆ ವರ್ಷ ಹೊಸ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಕ್ಕೆ ಒಬ್ಬ ಮೆಕ್ಯಾನಿಕ್ ಬೇಕಾಯಿತು. ಸರ್ಟಿಫಿಕೇಟು ಇಲ್ಲದಿದ್ದರೂ ಕೆಲಸ ಬಲ್ಲವನಾದರೆ ಒಳಗಿನವರನ್ನೇ ತೆಗೆದುಕೊಳ್ಳಬಹುದೆಂದು ಆಡಳಿತ ಮಂಡಳಿ ಹೇಳಿತ್ತು. ಹೊನ್ನಪ್ಪನವರು ಅರ್ಜಿ ಹಾಕಿದರು. ಸಂದರ್ಶನಕ್ಕೆ ಪ್ರಾಂಶುಪಾಲರು, ಮಂಡಳಿಯ ಒಬ್ಬ ಸದಸ್ಯರು, ಆಫೀಸ್ ಸೂಪರಿಂಟೆಂಡೆಂಟ್ ಮತ್ತು ವಿಷಯ ಬಲ್ಲವನೆಂದು ನಾನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಬಟ್ಟೆಯ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಸ್ವಿಚ್ಚು ಒತ್ತಿದರು. ಚಿತ್ರ ಬಂತು, ಸಂಗೀತವೂ ಬಂತು. ಪ್ರಾಂಶುಪಾಲರು ಕೈಗೆತ್ತಿಕೊಂಡು ಆಡಿದರು. ಎರಡು ಸಲ ಗುಂಡಿಗೆ ಬಿದ್ದು ನಕ್ಕರು.

"ಇದ್ನ ನೀನೇ ಮಾಡಿದ್ದನಾ?"

"ಹೌದು ಸರ್. ನಮ್ ಸರ್ ಅವ್ರೂ ಕಂಡಿದಾರೆ."

ಮೂವರೂ ನನ್ನ ಕಡೆ ತಿರುಗಿದರು.

"ಇಂಥವು ಭಟ್ಕಳ ಪೇಟೆಲ್ಲಿ ಸಿಗ್ತವೆ ಸರ್," ಎಂದೆ. "ಗಲ್ಫಿಂದ ಬರ್ತವೆ. ಇವ ಡಬ್ಬಿ ಬದಲ್ಸಿರ್ಬೇಕು, ಅಷ್ಟೇ."

ಹೊನ್ನಪ್ಪನವರು ನನ್ನನ್ನೇ ನೋಡಿದರು. ಆಮೇಲೆ ಪ್ರಾಂಶುಪಾಲರತ್ತ ತಿರುಗಿ, "ಬಿಚ್ಚಿ ತೋರ್ಸ್ಲಾ ಸರ್?" ಎಂದರು. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ನಾಲ್ಕೇ ನಾಲ್ಕು ಸ್ಕ್ರೂ. ಬಿಚ್ಚಿದ್ದರೆ ಯಾವ ದಡ್ಡನಿಗೂ ತಿಳಿಯುತ್ತಿತ್ತು. ಪ್ರಾಂಶುಪಾಲರು ಗಡಿಯಾರ ನೋಡಿ, "ಬೇಡ, ಆತು. ನೀ ಹೋಗು," ಎಂದರು. ಅಟೆಂಡರನ ಮಾತಿಗೆ ಉಪನ್ಯಾಸಕನ ಮಾತು ಎದುರಾದರೆ ಡಬ್ಬಿ ಬಿಚ್ಚುವ ಅಗತ್ಯ ನಮ್ಮಲ್ಲಿ ಯಾರಿಗೂ ಕಾಣುವುದಿಲ್ಲ. ನಾನು ಅದನ್ನು ಬಲ್ಲೆ. ಬಲ್ಲೆನಾದ್ದರಿಂದಲೇ ಅಷ್ಟು ಧೈರ್ಯವಾಗಿ ಹೇಳಿದೆ.

ಕೆಲಸ ಸರ್ಟಿಫಿಕೇಟು ಇದ್ದ ಬೇರೊಬ್ಬನಿಗೆ ಹೋಯಿತು. ಕೆಟ್ಟ ಉಪಕರಣಗಳನ್ನು ಮಾತ್ರ ಮುಂದಿನ ವರ್ಷಗಳಲ್ಲೆಲ್ಲ ಹೊನ್ನಪ್ಪನವರೇ ರಿಪೇರಿ ಮಾಡಿದರು, ರಿಜಿಸ್ಟರಿನಲ್ಲಿ ಸಹಿ ಆ ಇನ್ನೊಬ್ಬನದು. ಡಬ್ಬಿಯನ್ನು ಅವರು ಮತ್ತೆ ಕಾಲೇಜಿಗೆ ತರಲಿಲ್ಲ. ಮರುದಿನ ಎಂದಿನಂತೆ ಬಂದು ಬೆಂಚು ಒರೆಸಿದರು. ಬದಲಾದದ್ದು ಒಂದೇ — ನನ್ನ ತಪ್ಪನ್ನು ಅವರು ಇನ್ನೆಂದೂ ತಿದ್ದಲಿಲ್ಲ. ನಾನು ತಂತಿಯನ್ನು ಅದಲು ಬದಲು ಹಾಕಿ, ಬೆವರುತ್ತ, ಗಂಟೆ ಹೊಡೆಯುವವರೆಗೂ ವಿದ್ಯಾರ್ಥಿಗಳ ಮುಂದೆ ಒದ್ದಾಡುತ್ತಿದ್ದರೆ, ಅವರು ಕಿಟಕಿಯ ಪಕ್ಕ ನಿಂತು ನೋಡುತ್ತಿದ್ದರು. ಅಟೆಂಡರರಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾನೇ ಭಾಷಣ ಮಾಡಿದೆ. 'ನಿಷ್ಠಾವಂತ ಸೇವೆ' ಎಂದೆ. ಥೂ.

ಕಳೆದ ತಿಂಗಳು ಮಿರ್ಜಾನಕ್ಕೆ ಹೋದೆ. ನನಗೂ ನಿವೃತ್ತಿಯಾಗಿದೆ, ಹೊತ್ತು ಹೋಗದವನಿಗೆ ಪಶ್ಚಾತ್ತಾಪ ಬೇಗ ಬರುತ್ತದೆ. ಹೊನ್ನಪ್ಪನವರು ಜಗುಲಿಯಲ್ಲಿ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. "ಬನ್ನಿ ಸರ್, ಕೂತ್ಕಣಿ," ಎಂದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳನ್ನು ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ಇದ್ನ ನಂಗೆ ಎಂತಕ್ಕೆ ಹೇಳ್ತ್ರಿ ಸರ್? ನಾನೇ ಮಾಡಿದ್ದು ಅಂತ ನಂಗೆ ಗೊತ್ತಿಲ್ವಾ? ಯಾರ ಹತ್ರ ಸುಳ್ಳು ಹೇಳಿದ್ರೋ ಅವ್ರ ಹತ್ರ ಹೋಗಿ ಹೇಳಿ."

ಮಿಕ್ಸರಿನ ಒಂದು ಸ್ಕ್ರೂ ಬಿಗಿದು, ಕರೆಂಟಿನ ಬಿಲ್ಲು ಕೊಡಲು ಬಂದವನನ್ನು ಕೇಳುವ ದನಿಯಲ್ಲಿ, "ಚಾ ಕುಡೀತ್ರಾ?" ಎಂದರು. ನಾನು ಎದ್ದು ಬಂದೆ.

ಪ್ರಾಂಶುಪಾಲರು ತೀರಿಕೊಂಡಿದ್ದಾರೆ. ಹೊನ್ನಾವರದಲ್ಲಿರುವ ಸೂಪರಿಂಟೆಂಡೆಂಟರ ಮನೆಗೆ ಹೋಗಿ ಹೇಳಿದೆ. ಅವರು ನಕ್ಕು, "ಆ ಅಟೆಂಡರ್ ವಿಷ್ಯ ಇನ್ನೂ ತಲೆಲ್ಲಿ ಇಟ್ಕಂಡಿದ್ರಾ? ಅವಂಗೆ ಪೆನ್ಶನ್ ಬರ್ತದಲ್ಲ, ಆತು ಬಿಡಿ," ಎಂದರು. ಒಂದು ಕ್ಷಣ ನನಗೆ ಹಾಯೆನಿಸಿತು — ಹೌದು, ಆ ಮಾತಿನಿಂದಲೂ ನನಗೆ ಹಾಯೆನಿಸಿತು. ಇಂಥವನು ನಾನು. ಕೂತಲ್ಲಿಂದ ಏಳದೆ ಎಲ್ಲವನ್ನೂ ಮೊದಲಿಂದ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಅವರು ನಗಲಿಲ್ಲ.

ಉಳಿದವರು ಮಂಡಳಿಯ ಆ ಸದಸ್ಯರು, ಭಟ್ಕಳದಲ್ಲಿದ್ದಾರೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ. ಅವರಿಗೆ ಈಗ ಕಿವಿ ಅಷ್ಟಾಗಿ ಕೇಳುವುದಿಲ್ಲವಂತೆ, ಕೂಗಿ ಹೇಳಬೇಕಾದೀತು. ಮನೆಯ ಮಂದಿಗೂ, ಆಚೀಚೆ ಮನೆಯವರಿಗೂ, ಬೀದಿಯಲ್ಲಿ ಹೋಗುವವರಿಗೂ ಕೇಳೀತು. ಕೇಳಲಿ.